ವರ್ಚುವಲ್ ಪ್ರವಾಸಕ್ಕೆ ವಿಆರ್ ಕಿಟ್‌ಗಿಂತ ಹಳೆಯ ಪ್ರೊಜೆಕ್ಟರೇ ಮೇಲು

ಭೂಮಿಯ ಯಾವ ಜಾಗವನ್ನಾದರೂ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ತೋರಿಸುವ ಗೂಗಲ್ ಅರ್ಥ್ ಪ್ರೊ ಎಂಬ ತಂತ್ರಾಂಶ, ಒಂದು ಪ್ರೊಜೆಕ್ಟರ್, ಸುಣ್ಣ ಬಳಿದ ಗೋಡೆ. ಪ್ರಾಥಮಿಕ ಶಾಲೆಯ ಮಕ್ಕಳನ್ನು ತರಗತಿಯಲ್ಲೇ ಕೂರಿಸಿಕೊಂಡು ಊರು ಸುತ್ತಿಸಲು ಇಷ್ಟು ಸಾಕು. ತಲೆಗೆ ಕಟ್ಟುವ ವಿಆರ್ (ವರ್ಚುವಲ್ ರಿಯಾಲಿಟಿ) ಪೆಟ್ಟಿಗೆ, ಸುತ್ತಲೂ ತಿರುಗಿಸಿ ನೋಡಬಹುದಾದ 360 ಡಿಗ್ರಿ ವಿಡಿಯೊ, ವಿಡಿಯೊ ಕರೆ ಎಲ್ಲವನ್ನೂ ನನ್ನ ತರಗತಿಯಲ್ಲಿ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ವಿಡಿಯೊ ಕರೆಗೆ ಎರಡನೆಯ ಸ್ಥಾನ ಕೊಡುತ್ತೇನೆ. ವಿಆರ್ ಕಿಟ್ ಕೊಳ್ಳಲು ಹೊರಟಿರುವ ಶಾಲೆಗಳು ದಯವಿಟ್ಟು ಹಣ ಕೊಡುವ ಮುಂಚೆ ಇದನ್ನು ಓದಬೇಕು.

ನಾನು ಬೆಂಗಳೂರಿನ ಪೀಣ್ಯದ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತೇನೆ. ಮಕ್ಕಳ ತಂದೆತಾಯಿಯರಲ್ಲಿ ಹೆಚ್ಚಿನವರು ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರು. ಅರ್ಧಕ್ಕರ್ಧ ಕುಟುಂಬಗಳು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದಿವೆ. ವರ್ಷಕ್ಕೊಂದು ಬಸ್ ಪ್ರವಾಸ ಹೊರಡಿಸುವುದೇ ನಮಗೆ ಕಷ್ಟ. ಹಾಗಾಗಿ ದಾನಿಗಳೊಬ್ಬರು ವಿಆರ್ ಕಿಟ್ ಕೊಡಿಸಿದಾಗ ಇಡೀ ಶಾಲೆ ಸಂಭ್ರಮಿಸಿತು. ಒಂದು ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಪ್ಲಾಸ್ಟಿಕ್ ಕನ್ನಡಕಗಳು, ಅವುಗಳೊಳಗೆ ಕೂರಿಸಲು ಅಗ್ಗದ ಮೊಬೈಲ್‌ಗಳು, ಒಂದು ಕೈಪಿಡಿ. ಬೆಲೆ ಲಕ್ಷ ರೂಪಾಯಿಯ ಹತ್ತಿರ.

ತೊಡಕು ಮೊದಲ ದಿನವೇ ಕಾಣಿಸಿತು. ಒಬ್ಬ ಹುಡುಗ ಕನ್ನಡಕ ಹಾಕಿಕೊಂಡು ತಾಜ್‌ಮಹಲಿನ ಎದುರು ನಿಂತ. ತಲೆ ಎತ್ತಿದರೆ ಗುಮ್ಮಟ, ತಗ್ಗಿಸಿದರೆ ಹಾಸುಗಲ್ಲು, ಎಲ್ಲ ಸರಿಯಾಗಿತ್ತು. ಆದರೆ ಎಡಕ್ಕೆ ತಿರುಗಿದರೂ ತಾಜ್‌ಮಹಲ್, ಬಲಕ್ಕೆ ತಿರುಗಿದರೂ ತಾಜ್‌ಮಹಲ್. ಪೂರ್ತಿ ಹಿಂದಕ್ಕೆ ತಿರುಗಿ ನಿಂತರೂ ಕಣ್ಣೆದುರು ಅದೇ ತಾಜ್‌ಮಹಲ್. "ಮಿಸ್, ಅದು ನನ್ನ ಜೊತೆಗೇ ಬರ್ತಿದೆ" ಎಂದ. ಉಳಿದ ಮೊಬೈಲ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿದೆವು. ಎಲ್ಲದರಲ್ಲೂ ಇದೇ ಕತೆ.

ಕಾರಣ ತಿಳಿಯಲು ನಾನೇ ಕುಳಿತು ಹುಡುಕಬೇಕಾಯಿತು. ಮೊಬೈಲಿನಲ್ಲಿ ಅಕ್ಸೆಲೆರೋಮೀಟರ್ ಎಂಬ ಸಂವೇದಕ ಇರುತ್ತದೆ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದನ್ನು ಅದು ಅಳೆಯುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಆ ದಿಕ್ಕು ಬದಲಾಗುವುದರಿಂದ ಮೊಬೈಲಿಗೆ ಅದು ಗೊತ್ತಾಗುತ್ತದೆ. ಆದರೆ ನಿಂತಲ್ಲೇ ಎಡಕ್ಕೋ ಬಲಕ್ಕೋ ತಿರುಗಿದರೆ ಭೂಮಿಯ ಸೆಳೆತದ ದಿಕ್ಕು ಬದಲಾಗುವುದಿಲ್ಲ. ಆ ತಿರುಗುವಿಕೆಯನ್ನು ನಿಖರವಾಗಿ ಹಿಡಿಯಲು ಗೈರೋಸ್ಕೋಪ್ ಬೇಕು. ಅಗ್ಗದ ಮೊಬೈಲ್‌ಗಳಲ್ಲಿ ಬೆಲೆ ಇಳಿಸಲು ಎಷ್ಟೋ ಸಲ ಕೈಬಿಡುವುದು ಇದನ್ನೇ. ನಮ್ಮ ಕಿಟ್ಟಿನಲ್ಲಿ ಬಂದಿದ್ದ ಒಂದು ಮೊಬೈಲಿನಲ್ಲೂ ಅದು ಇರಲಿಲ್ಲ. ಮಾರಿದ ಕಂಪನಿಗೆ ಫೋನ್ ಮಾಡಿದರೆ, "ಆ್ಯಪ್ ಒಮ್ಮೆ ತೆಗೆದು ಮತ್ತೆ ಹಾಕಿ ನೋಡಿ ಮೇಡಂ" ಎಂದರು. ಇಲ್ಲದ ಸಂವೇದಕ ಆ್ಯಪ್ ಹಾಕಿದರೆ ಎಲ್ಲಿಂದ ಬಂದೀತು? ಬದಲಿ ಮೊಬೈಲ್ ಕೊಡಲು ಒಪ್ಪಲಿಲ್ಲ. ದಾನಿಗಳಿಗೆ ಈ ವಿಷಯ ತಿಳಿಸುವಾಗ ಮುಖ್ಯ ಶಿಕ್ಷಕಿಯವರ ಕಣ್ಣು ತುಂಬಿ ಬಂದಿತ್ತು. ಮಕ್ಕಳ ಹೆಸರಿನಲ್ಲಿ ಬಂದ ಹಣ ಹೀಗೆ ಹೋದದ್ದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಕೈಪಿಡಿಯಲ್ಲಿ ಪುಟಗಟ್ಟಲೆ ವಿವರಿಸಿದ್ದ, ತರಗತಿಗಳಿಗೆ ವಿಆರ್ ಪ್ರವಾಸ ತೋರಿಸುತ್ತಿದ್ದ ಗೂಗಲ್ ಎಕ್ಸ್‌ಪೆಡಿಶನ್ಸ್ ಆ್ಯಪ್ 2021ರ ಜೂನ್‌ನಲ್ಲೇ ನಿಂತುಹೋಗಿದೆ. ಅದೇ ವರ್ಷ ಮೊಬೈಲ್ ಕೂರಿಸಿ ನೋಡುವ ತನ್ನ 'ಕಾರ್ಡ್‌ಬೋರ್ಡ್' ರಟ್ಟಿನ ಕನ್ನಡಕಗಳ ಮಾರಾಟವನ್ನೂ ಗೂಗಲ್ ನಿಲ್ಲಿಸಿತು. ಕಿಟ್ ಮಾರುವವರು ಈ ಹೆಸರುಗಳನ್ನು ಈಗಲೂ ಹೇಳಿದರೆ ಅಲ್ಲೇ ಮಾತು ಮುಗಿಸಿ ಬನ್ನಿ.

ಒಳ್ಳೆಯ ಕಿಟ್ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ಪರಿಚಯದ ಶಿಕ್ಷಕರೊಬ್ಬರು ತಮ್ಮ ಖಾಸಗಿ ಶಾಲೆಯಿಂದ ತಂದ ದುಬಾರಿ ಹೆಡ್‌ಸೆಟ್ಟನ್ನೂ ನೋಡಿದ್ದೇನೆ. ಚಿತ್ರ ಅದ್ಭುತ, ಒಪ್ಪುತ್ತೇನೆ. ಆದರೆ ಮೆಟಾ ಕ್ವೆಸ್ಟ್‌ನಂಥವನ್ನು ಹತ್ತು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ತಯಾರಕರೇ ಹೇಳುತ್ತಾರೆ. 2023ರವರೆಗೆ ಆ ಮಿತಿ ಹದಿಮೂರು ವರ್ಷವಿತ್ತು. ನಾಲ್ಕನೇ ತರಗತಿಯಲ್ಲಿ ಬಹುಪಾಲು ಮಕ್ಕಳಿಗೆ ಒಂಬತ್ತು ವರ್ಷ. ಅಗ್ಗದ ಕನ್ನಡಕಗಳಲ್ಲಿ ಇನ್ನೊಂದು ತೊಂದರೆಯಿದೆ. ಅವುಗಳ ಮಸೂರಗಳ ನಡುವಿನ ಅಂತರ ದೊಡ್ಡವರ ಕಣ್ಣಿಗೆ ಹೊಂದುವಂಥದ್ದು. ಮಕ್ಕಳ ಕಣ್ಣುಗಳ ನಡುವಿನ ಅಂತರ ಅದಕ್ಕಿಂತ ಕಡಿಮೆ. ಸಣ್ಣ ಮುಖದ ಹುಡುಗಿಯೊಬ್ಬಳು ಎಲ್ಲವೂ ಎರಡೆರಡು ಕಾಣುತ್ತದೆ ಎಂದು ಕನ್ನಡಕ ತೆಗೆದಿಟ್ಟಳು. ಐದು ಮಕ್ಕಳು ಕನ್ನಡಕ ಹಾಕಿಕೊಂಡರೆ ಉಳಿದ ಮೂವತ್ತಕ್ಕೂ ಹೆಚ್ಚು ಮಕ್ಕಳು ಸರದಿ ಕಾಯಬೇಕು. ನಲವತ್ತು ನಿಮಿಷದ ಪೀರಿಯಡ್ ಅದರಲ್ಲೇ ಮುಗಿಯುತ್ತದೆ.

ಇದೆಲ್ಲಕ್ಕಿಂತ ನನಗೆ ಸರಿಬಾರದ್ದು ಬೇರೆಯೇ. ಕನ್ನಡಕದೊಳಗೆ ಮಗು ಒಂಟಿ. ಅದು ಏನು ನೋಡುತ್ತಿದೆ ಎಂದು ನನಗೆ ಕಾಣುವುದಿಲ್ಲ, ಪಕ್ಕದವರಿಗೆ ಬೆರಳು ಮಾಡಿ ತೋರಿಸಲು ಅದಕ್ಕೂ ಆಗುವುದಿಲ್ಲ. ನಾನು ಪಾಠ ಮಾಡುವುದು ಮಕ್ಕಳ ಮುಖ ನೋಡಿಕೊಂಡು. ಮುಖ ಮುಚ್ಚಿದ ಮೇಲೆ ಯಾವಾಗ ನಿಲ್ಲಿಸಬೇಕು, ಯಾವುದನ್ನು ಮತ್ತೊಮ್ಮೆ ಹೇಳಬೇಕು ಎಂಬುದು ನನಗೆ ತಿಳಿಯುವುದಿಲ್ಲ.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದ ಹಳೆಯ ಪ್ರೊಜೆಕ್ಟರ್ ನಮ್ಮದು. ಕಿಟ್ಟಿನ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಕೂಡ ಆಗಲಿಲ್ಲ. ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತವಾಗಿ ಸಿಗುತ್ತಿದೆ. ಹಿಂದಿನ ಸಂಜೆ ಮನೆಯಲ್ಲಿ, ಪಾಠದಲ್ಲಿ ತೋರಿಸುವ ದಾರಿಯಲ್ಲಿ ಪರದೆಯ ಮೇಲೆ ಒಮ್ಮೆ ಓಡಾಡಿಬಿಟ್ಟರೆ ಚಿತ್ರಗಳು ಲ್ಯಾಪ್‌ಟಾಪಿನಲ್ಲಿ ಉಳಿದುಕೊಳ್ಳುತ್ತವೆ. ಮರುದಿನ ಶಾಲೆಯಲ್ಲಿ ಇಂಟರ್ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ. ನೆಟ್‌ವರ್ಕ್ ನಂಬಿ ಕೂರುವ ಅಭ್ಯಾಸ ನನಗಿಲ್ಲ, ಆದ್ದರಿಂದ ಇದು ನನಗೆ ದೊಡ್ಡ ಅನುಕೂಲ.

ಈ ವರ್ಷ ಹೋದ ಪ್ರವಾಸಗಳಲ್ಲಿ ಮಕ್ಕಳು ಇಂದಿಗೂ ನೆನೆಯುವುದು ನಲ್ಲಿಯ ನೀರಿನ ಪ್ರವಾಸವನ್ನು. ನಮ್ಮ ಶಾಲೆಯ ಅಂಗಳದ ನಲ್ಲಿಯಿಂದ ಹೊರಟು ಕಾವೇರಿಯನ್ನು ಹುಡುಕಿಕೊಂಡು ಹೋದೆವು. ತಾತಗುಣಿ, ಹಾರೋಹಳ್ಳಿ, ಅಲ್ಲಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಮೌಸ್ ಎಲ್ಲಿಡುತ್ತೇವೋ ಆ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಪರದೆಯ ಕೆಳಗೆ ಅಂಕಿಯಲ್ಲಿ ಕಾಣುತ್ತದೆ. ಅದನ್ನು ಮಕ್ಕಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ 900 ಮೀಟರ್ ದಾಟಿದ್ದ ಅಂಕಿ ಮಳವಳ್ಳಿಯ ಕಡೆ ಬರುವಷ್ಟರಲ್ಲಿ 600ರ ಆಸುಪಾಸಿಗೆ ಇಳಿದಿತ್ತು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ನೀರು ಮೇಲಿಂದ ಕೆಳಗೆ ತಾನೇ ಹರಿಯೋದು? ಇದು ಕೆಳಗಿಂದ ಮೇಲಕ್ಕೆ ಹೇಗೆ ಬಂತು?"

ಆ ಪ್ರಶ್ನೆಯೇ ಅಂದಿನ ಪಾಠವಾಯಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಮೂರು ಹಂತಗಳಲ್ಲಿ ಪಂಪ್ ಮಾಡಿ ನೀರನ್ನು ಬೆಂಗಳೂರಿಗೆ ಹತ್ತಿಸುತ್ತಾರೆ ಎಂದೆ. ಅದಕ್ಕೆ ಎಷ್ಟು ಕರೆಂಟ್ ಬೇಕು ಎಂದು ಇನ್ನೊಬ್ಬ ಕೇಳಿದ. ಪಕ್ಕದಲ್ಲೇ ಇದ್ದ ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿ, 1902ರಲ್ಲಿ ಇಲ್ಲಿ ತಯಾರಾದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಸಿತು ಎಂದು ಹೇಳಿದೆ. ಅಲ್ಲಿಂದ ಕನ್ನಂಬಾಡಿ, ಕೊನೆಗೆ 1,276 ಮೀಟರ್ ಎತ್ತರದ ತಲಕಾವೇರಿ. ಇಷ್ಟು ಜಾಗಗಳನ್ನು ಬಸ್ಸಿನಲ್ಲಿ ಒಂದೇ ದಿನ ತೋರಿಸುವುದು ಯಾರಿಂದಲೂ ಆಗದು. ಕನ್ನಡಕದೊಳಗಿನ ತಾಜ್‌ಮಹಲ್ ಒಂದೇ ಒಂದು ಪ್ರಶ್ನೆಯನ್ನೂ ಹುಟ್ಟಿಸಿರಲಿಲ್ಲ.

ಪೀರಿಯಡ್ ಮುಗಿಯುವ ಹೊತ್ತಿಗೆ ಸುರಪುರ ಕಡೆಯ ಹುಡುಗ ಅವನ ಊರು ತೋರಿಸಿ ಎಂದ. ತೋರಿಸಿದೆ. ಬಸ್ ನಿಲ್ದಾಣದಿಂದ ಅಜ್ಜನ ಮನೆಯವರೆಗೆ ದಾರಿಯನ್ನು ಗೋಡೆಯ ಮೇಲೆ ಬೆರಳಿಟ್ಟು ಹೇಳಿದ. ಆಮೇಲೆ ಪ್ರತಿ ವಾರ ಒಂದೊಂದು ಮಗುವಿನ ಊರಿಗೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ.

ಕೊರತೆಗಳೂ ಇವೆ. ಬೆಳಗಿನ ಬಿಸಿಲಿಗೆ ನಮ್ಮ ಪೂರ್ವದ ಕಿಟಕಿಗಳಿಂದ ಗೋಡೆ ಬೆಳ್ಳಗಾಗುತ್ತದೆ, ಹಾಗಾಗಿ ಮಧ್ಯಾಹ್ನದ ಪೀರಿಯಡ್ ಆರಿಸಿಕೊಂಡಿದ್ದೇನೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಜನ ಕಾಣುವುದಿಲ್ಲ, ಸದ್ದಿಲ್ಲ, ವಾಸನೆಯಿಲ್ಲ.

ಆ ಕೊರತೆ ತುಂಬಿದ್ದು ವಿಡಿಯೊ ಕರೆ. ಅದೇ ಸುರಪುರದ ಹುಡುಗನ ಅಜ್ಜ ಚಳಿಗಾಲದಲ್ಲಿ ತಮ್ಮ ತೊಗರಿ ಹೊಲದಲ್ಲಿ ನಿಂತು ನಮ್ಮ ತರಗತಿಯೊಂದಿಗೆ ಮಾತನಾಡಿದರು. ದಿನವೂ ತೊಗರಿಬೇಳೆಯ ಸಾರು ಉಣ್ಣುವ ಮಕ್ಕಳಲ್ಲಿ ಎಷ್ಟೋ ಮಂದಿ ಆ ಗಿಡವನ್ನೇ ನೋಡಿರಲಿಲ್ಲ. ಅಜ್ಜ ಕಾಯಿ ಬಿಡಿಸಿ, ಅಂಗೈ ಮೇಲೆ ಕಾಳು ಇಟ್ಟು ಕ್ಯಾಮೆರಾಕ್ಕೆ ಹಿಡಿದರು. "ಇದು ಬೇಳೆ ಅಲ್ಲ, ಕಾಳು ಐತೆ" ಎಂದು ಒಬ್ಬಳು ಕೂಗಿದಳು. ಕಾಳು ಒಡೆದು ಬೇಳೆಯಾಗುವ ಬಗೆಯನ್ನು ಅಜ್ಜ ತಮ್ಮ ಮಾತಿನಲ್ಲಿ ವಿವರಿಸಿದರು. ಖರ್ಚು ಇಲ್ಲವೇ ಇಲ್ಲ. ಆದರೆ ಹೊಲದ ಗಾಳಿಯ ಸದ್ದಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಆ ತುದಿಯಲ್ಲಿರುವವರು ಇಯರ್‌ಫೋನಿನ ಮೈಕ್ ಬಳಸಿದರೆ ಉತ್ತಮ. ನೆಟ್‌ವರ್ಕ್ ಇದ್ದರೆ ಪಾಠ, ಇಲ್ಲದಿದ್ದರೆ ಇಲ್ಲ. ಎರಡನೆಯ ಸ್ಥಾನ ಕೊಟ್ಟದ್ದು ಈ ಒಂದೇ ಕಾರಣಕ್ಕೆ.

ಯೂಟ್ಯೂಬಿನ 360 ಡಿಗ್ರಿ ವಿಡಿಯೊಗಳು ಗೋಡೆಯ ಮೇಲೆ ಮಕ್ಕಳಿಗೆ ತಲೆ ತಿರುಗಿಸುತ್ತವೆ, ನಡುವೆ ಜಾಹೀರಾತು ಬೇರೆ. ಸಾಮಾನ್ಯ ವಿಡಿಯೊಗಳೇ ವಾಸಿ. ಸುನೀತಾ ವಿಲಿಯಮ್ಸ್ 2012ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸುತ್ತಿ ತೋರಿಸಿದ ವಿಡಿಯೊ ಇದೆ. ಮಲಗುವ ಗೂಡು, ಶೌಚಾಲಯ ಎಲ್ಲವೂ ಅದರಲ್ಲಿವೆ. ಧ್ವನಿ ನಿಲ್ಲಿಸಿ ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ.

ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಜಾಲತಾಣದಲ್ಲಿ ನೋಡಸಿಗುವ ವಸ್ತುಸಂಗ್ರಹಾಲಯಗಳು ಏಳನೇ ತರಗತಿಯ ಮೇಲಿನವರಿಗೆ ಸರಿ.

ಒಂದು ಮಾತು ಸೇರಿಸಲೇಬೇಕು. ಬಸ್ಸಿನಲ್ಲಿ ಹೋಗಬಹುದಾದ ಜಾಗಕ್ಕೆ ಬಸ್ಸಿನಲ್ಲೇ ಹೋಗಬೇಕು. ಲಾಲ್‌ಬಾಗಿನ ಬಂಡೆ ಮುನ್ನೂರು ಕೋಟಿ ವರ್ಷ ಹಳೆಯದು ಎಂದು ಪರದೆಯ ಮೇಲೆ ಹೇಳುವುದಕ್ಕೂ, ಅದರ ಮೇಲೆ ಮಕ್ಕಳನ್ನು ಕೂರಿಸಿ ಹೇಳುವುದಕ್ಕೂ ಹೋಲಿಕೆಯಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳ ಗುಂಡಿಯನ್ನು ಮಗು ತಾನೇ ಒತ್ತಬೇಕು. ಪ್ರೊಜೆಕ್ಟರ್ ಬಂದಿತೆಂದು ವಾರ್ಷಿಕ ಪ್ರವಾಸವನ್ನು ರದ್ದು ಮಾಡುವ ಮಾತು ಒಂದು ಸಭೆಯಲ್ಲಿ ಬಂದಾಗ ನಾನು ಬಲವಾಗಿ ವಿರೋಧಿಸಿದೆ.

ಹದಿನೈದರೊಳಗೆ ಮಕ್ಕಳಿರುವ, ಹತ್ತು ವರ್ಷ ದಾಟಿದವರ ತರಗತಿ, ಕೈತುಂಬ ಹಣ, ಜೊತೆಗೊಬ್ಬ ಸಹಾಯಕರು ಇದ್ದರೆ ಹೆಡ್‌ಸೆಟ್ ಕೊಳ್ಳಿ. ಆಗಲೂ ಅಂಗಡಿಯಲ್ಲೇ ಒಂದನ್ನು ಹಾಕಿಕೊಂಡು, ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿ ನೋಡಿ. ನನ್ನಂತೆ ದೊಡ್ಡ ತರಗತಿ, ಸಣ್ಣ ಬಜೆಟ್ ಇರುವವರು, ಪಾಠದ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ರೂಢಿಯವರು ಪ್ರೊಜೆಕ್ಟರನ್ನೇ ತನ್ನಿ. ಹಳೆಯದಾದರೆ ದೀಪ ಎಷ್ಟು ಗಂಟೆ ಉರಿದಿದೆ ಎಂದು ಮೆನುವಿನಲ್ಲಿ ನೋಡಿಕೊಂಡು ಕೊಳ್ಳಿ. ಮುಂದಿನ ತಿಂಗಳು ನಮ್ಮ ತರಗತಿ ಮಹಾಬಲೇಶ್ವರದಿಂದ ಕೃಷ್ಣೆಯ ಜೊತೆ ಹೊರಟು ಆಲಮಟ್ಟಿ, ನಾರಾಯಣಪುರ ದಾಟಿ ಹೋಗಲಿದೆ. ಆ ದಾರಿಯನ್ನು ಗುರುತು ಹಾಕಿ ಕಡತ ಮಾಡಿಡುತ್ತೇನೆ. ಬೇಕಾದ ಶಿಕ್ಷಕರಿಗೆ ಕಳುಹಿಸಿಕೊಡುತ್ತೇನೆ.