ಎಲ್‌ಕೆಜಿಯೋ ಮಾಂಟೆಸ್ಸರಿಯೋ: ನೀರು, ಕಡ್ಡಿ, ಅಕ್ಷರ ಇಟ್ಟು ಹೋಲಿಸಿದಾಗ

ಒಂಬತ್ತಕ್ಕೆ ಶುರುವಾದ ಶಿಶುವಿಹಾರದಲ್ಲಿ ಹತ್ತರ ಹೊತ್ತಿಗೆ ಒಂದು ಗದ್ದಲ ಏಳುತ್ತದೆ. ಅದು ಎಲ್ಲ ಕಡೆಯೂ ಇದ್ದದ್ದೇ. ಎಲ್‌ಕೆಜಿಯಲ್ಲಾದರೆ ಮಿಸ್ಸು ಕೈತಟ್ಟಿ ಹಾಡು ಶುರು ಮಾಡುತ್ತಾರೆ, ಇಲ್ಲವೇ ಸ್ನ್ಯಾಕ್ಸ್ ಬೆಲ್ ಹೊಡೆಯುತ್ತದೆ. ಮಕ್ಕಳು ತಾವೇ ಆರಿಸಿಕೊಂಡ ಸಾಮಗ್ರಿಯಲ್ಲಿ ಕೆಲಸ ಮಾಡುತ್ತ ಕಲಿಯುವ, ಸರಿಯಾಗಿ ನಡೆಯುವ ಮಾಂಟೆಸ್ಸರಿಯಲ್ಲಿ ಆಂಟಿ (ಬೆಂಗಳೂರಿನ ಎಷ್ಟೋ ಮಾಂಟೆಸ್ಸರಿಗಳಲ್ಲಿ ಟೀಚರನ್ನು ಮಕ್ಕಳು ಕರೆಯುವುದು ಹೀಗೇ) ಏನೂ ಮಾಡದೆ ಕಾಯುತ್ತಾರೆ. ಹತ್ತು-ಹದಿನೈದು ನಿಮಿಷ ಕಾದರೆ ಗದ್ದಲ ತಾನಾಗಿ ಇಳಿಯುತ್ತದೆ. ಆಮೇಲೆ ಮಕ್ಕಳು ಎತ್ತಿಕೊಳ್ಳುವುದು ಆ ದಿನದ ಅತ್ಯಂತ ಕಷ್ಟದ ಕೆಲಸ. ಈ ಪದ್ಧತಿ ಹುಟ್ಟುಹಾಕಿದ ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ ಇದನ್ನು ಹುಸಿ ದಣಿವು ಎಂದು ಗುರುತಿಸಿದ್ದರು. ಆ ಹೊತ್ತಿಗೆ ಬೆಲ್ ಹೊಡೆದುಬಿಟ್ಟರೆ ಅದರ ಹಿಂದೆ ಬರಬೇಕಿದ್ದ ಕೆಲಸ ಬರುವುದೇ ಇಲ್ಲ. ಮೂರು ಗಂಟೆ ತಡೆಯಿಲ್ಲದ ಅವಧಿ ಬೇಕು ಎಂದು ಮಾಂಟೆಸ್ಸರಿಯವರು ಹಟ ಹಿಡಿಯುವುದಕ್ಕೆ ಕಾರಣ ಇದೇ. ಮರದ ಸಾಮಾನಿಗಿಂತ ದೊಡ್ಡ ವ್ಯತ್ಯಾಸ ಈ ಅವಧಿಯದ್ದು ಎಂದು ನಮ್ಮ ಅಭಿಪ್ರಾಯ.

ಹೋಲಿಕೆಗೆ ತೆಗೆದುಕೊಂಡದ್ದು ನಾಲ್ಕು: ಮಾಮೂಲಿ ಎಲ್‌ಕೆಜಿ-ಯುಕೆಜಿ, ಪೂರ್ತಿ ಮಾಂಟೆಸ್ಸರಿ, ಬೋರ್ಡಿನಲ್ಲಿ ಮಾಂಟೆಸ್ಸರಿ ಎಂದಿದ್ದು ಒಳಗೆ ಟೈಮ್‌ಟೇಬಲ್ ಮತ್ತು ನೋಟ್‌ಬುಕ್ ನಡೆಯುವ ಬೆರಕೆ, ಮತ್ತು ಅಂಗನವಾಡಿ. ಮಾಂಟೆಸ್ಸರಿ ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಕಾವಲಿಲ್ಲ, ಯಾರು ಬೇಕಾದರೂ ಬೋರ್ಡು ಬರೆಸಬಹುದು. ಹಾಗಾಗಿ ಬೆರಕೆಯವೇ ಹೆಚ್ಚು. ಒಂದೇ ಕೆಲಸವನ್ನು ಬೇರೆ ಬೇರೆ ರೀತಿಯಲ್ಲಿ ಮಕ್ಕಳಿಂದ ಮಾಡಿಸಿ ನೋಡಿದಾಗ ಕಂಡದ್ದು ಮುಂದಿದೆ.

ನೀರು ಸುರಿಯುವುದು

ಎಲ್‌ಕೆಜಿಯಲ್ಲಿ ಇದು ಪಾಠವೇ ಅಲ್ಲ. ಬಾಟಲಿ ಮುಚ್ಚಳ ತೆಗೆಯಲು ಬಾರದಿದ್ದರೆ ಆಯಾ ತೆಗೆದುಕೊಡುತ್ತಾರೆ. ಮಾಂಟೆಸ್ಸರಿಯಲ್ಲಿ ಎರಡೂವರೆ ವರ್ಷದ ಮಗುವಿಗೆ ಮೊದಲು ಸಿಗುವ ಕೆಲಸಗಳಲ್ಲಿ ಇದೂ ಒಂದು. ಅಂಚಿರುವ ಟ್ರೇ, ಒಂದೇ ಅಳತೆಯ ಎರಡು ಪುಟ್ಟ ಜಗ್ಗು, ಒರೆಸಲು ಒಂದು ಸ್ಪಂಜು. ಮೊದಲು ಅವರೆಕಾಳು, ಆಮೇಲೆ ಅಕ್ಕಿ, ಕೊನೆಗೆ ನೀರು. ಜಗ್ಗಿನ ಅಳತೆ 150 ಮಿಲೀ ದಾಟಬಾರದು, ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ದೊಡ್ಡ ಜಗ್ಗು ಕೊಟ್ಟರೆ ಮಗು ಎರಡೂ ಕೈಯಲ್ಲಿ ಅಪ್ಪಿ ಹಿಡಿಯುತ್ತದೆ, ಮಣಿಕಟ್ಟು ತಿರುಗುವುದೇ ಇಲ್ಲ. ಈ ಕೆಲಸ ಇರುವುದೇ ಆ ಮಣಿಕಟ್ಟಿಗಾಗಿ. ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಕೈ.

ಖರ್ಚು ಉಳಿಸಲು ಸ್ಟೀಲ್ ಲೋಟ ಇಡುವುದು ಸಾಮಾನ್ಯ ತಪ್ಪು. ಕೊಕ್ಕಿಲ್ಲದ ಲೋಟದಿಂದ ನೀರು ಹೊರಮೈ ಹಿಡಿದು ಇಳಿಯುತ್ತದೆ. ಮಗು ಎಷ್ಟು ಜಾಗ್ರತೆಯಿಂದ ಸುರಿದರೂ ಚೆಲ್ಲುತ್ತದೆ, ನಾಲ್ಕನೇ ಸಲಕ್ಕೆ ಬಿಟ್ಟೇ ಬಿಡುತ್ತದೆ. ಮನೆಯಲ್ಲಿ ಪುಟ್ಟ ಗಿಂಡಿ ಇದ್ದರೆ ಅದು ಅಂಗಡಿಯ ಪ್ಲಾಸ್ಟಿಕ್ ಜಗ್ಗಿಗಿಂತ ವಾಸಿ: ಕೊಕ್ಕು ಸಣ್ಣದು, ಧಾರೆ ನಿಧಾನ. ಸುರಿಸಿಕೊಳ್ಳುವ ಗಾಜಿನ ಲೋಟಕ್ಕೆ ಬಣ್ಣದ ಟೇಪಿನಲ್ಲಿ ಒಂದು ಗೆರೆ ಅಂಟಿಸಿ. ನೀರು ಗೆರೆ ದಾಟಿದ್ದು ಮಗುವಿಗೇ ಕಾಣುತ್ತದೆ, ‘ಸಾಕು, ನಿಲ್ಲಿಸು’ ಎಂದು ಯಾರೂ ಕೂಗಬೇಕಿಲ್ಲ.

ಇದನ್ನು ಅತಿ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಮಾಡಬಲ್ಲದ್ದು ಅಂಗನವಾಡಿ. ಊಟ ಅಲ್ಲೇ ನಡೆಯುವುದರಿಂದ ತಟ್ಟೆ ಹಂಚುವುದು, ಕೈ ತೊಳೆಯುವುದು, ಚೆಲ್ಲಿದ್ದನ್ನು ಒರೆಸುವುದು ಎಲ್ಲ ನಿಜವಾದ ಕೆಲಸಗಳೇ. ಸಹಾಯಕಿ ತಾನೇ ಮಾಡಿ ಮುಗಿಸದೆ ಮಕ್ಕಳ ಕೈಗೆ ಬಿಟ್ಟರೆ ಸಾಕು. ಅಂಗನವಾಡಿಗೂ ಮಾಂಟೆಸ್ಸರಿಗೂ ದೂರದ ನೆಂಟಸ್ತಿಕೆಯೂ ಉಂಟು. ಮಾಂಟೆಸ್ಸರಿ ಪದ್ಧತಿಯನ್ನು ಗುಜರಾತಿನ ಭಾವನಗರದಲ್ಲಿ ನಮ್ಮ ನೆಲಕ್ಕೆ ಹೊಂದಿಸಿದವರು ಗಿಜುಭಾಯಿ ಬಧೇಕಾ. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಹೋಗಿ, ಹಳ್ಳಿಯ ಬಡಮಕ್ಕಳಿಗಾಗಿ ಅಂಗಳದಲ್ಲೇ ಬಾಲವಾಡಿ ನಡೆಸಿದರು. ಸರ್ಕಾರದ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು.

ಕಡ್ಡಿ ಎಣಿಸುವುದು

ಯುಕೆಜಿ ಮಗು ನೂರರವರೆಗೆ ಗಡಗಡ ಹೇಳುತ್ತದೆ, ಪುಸ್ತಕದ ತುಂಬ ಬರೆಯುತ್ತದೆ. ಅದೇ ಮಗುವಿನ ಮುಂದೆ ಒಂದು ಬೊಗಸೆ ಹುಣಸೆಬೀಜ ಹರಡಿ ‘ಏಳು ಕೊಡು’ ಎನ್ನಿ. ಕೆಲವರು ಏಳಕ್ಕೆ ನಿಲ್ಲದೆ ಎಣಿಸುತ್ತಲೇ ಹೋಗುತ್ತಾರೆ. ಹೇಳುವುದು ಬೇರೆ, ಎಣಿಸಿ ನಿಲ್ಲಿಸುವುದು ಬೇರೆ. ಮಾಂಟೆಸ್ಸರಿ ಸಾಮಗ್ರಿ ಈ ಎರಡನ್ನೂ ಬೇರೆ ಮಾಡಿಯೇ ಕಲಿಸುತ್ತದೆ. ಮೊದಲು ನಂಬರ್ ರಾಡ್: 10 ಸೆಂಮೀನಿಂದ 1 ಮೀಟರಿನವರೆಗೆ ಹತ್ತು ಮರದ ಪಟ್ಟಿಗಳು, ಹತ್ತು ಸೆಂಮೀಗೊಮ್ಮೆ ಕೆಂಪು-ನೀಲಿ ಬಣ್ಣ ಬದಲು. ಇಲ್ಲಿ ‘ಏಳು’ ಎಂದರೆ ಕೈಯಲ್ಲಿ ಹಿಡಿಯಬಹುದಾದ ಒಂದೇ ಪಟ್ಟಿ. ಆಮೇಲೆ ಸ್ಪಿಂಡಲ್ ಬಾಕ್ಸ್: 0ಯಿಂದ 9ರವರೆಗೆ ಹತ್ತು ಗೂಡು, ಒಟ್ಟು 45 ಕಡ್ಡಿ. ಸೊನ್ನೆಯ ಗೂಡಿಗೆ ಏನೂ ಹಾಕುವಂತಿಲ್ಲ. ಸೊನ್ನೆ ಎಂದರೇನು ಎಂದು ವಿವರಿಸುವ ಕಷ್ಟ ಅಲ್ಲಿಗೆ ಮುಗಿಯಿತು. ಐದರ ಗೂಡಿಗೆ ಆರು ಹಾಕಿದರೆ ಒಂಬತ್ತರ ಗೂಡಿಗೆ ಬರುವಾಗ ಒಂದು ಕಡಿಮೆ ಬೀಳುತ್ತದೆ. ಮಗು ತಲೆ ಕೆರೆದುಕೊಂಡು ಹಿಂದೆ ಹೋಗಿ ಮತ್ತೆ ಎಣಿಸುತ್ತದೆ. ಟೀಚರ್ ಕೆಂಪು ಶಾಯಿಯಲ್ಲಿ ತಪ್ಪು ಹಾಕುವುದಕ್ಕೂ ಇದಕ್ಕೂ ಇರುವ ಅಂತರ ಇದು.

ಆದರೆ ಒಂದು ಕಡ್ಡಿ ಕಳೆದರೆ? ಪೆಟ್ಟಿಗೆಯಲ್ಲಿ 44 ಇದ್ದರೆ ಸರಿಯಾಗಿ ಎಣಿಸಿದ ಮಗುವಿಗೂ ಕೊನೆಯಲ್ಲಿ ಕಡಿಮೆಯೇ ಬೀಳುತ್ತದೆ. ಸಾಮಗ್ರಿಯೇ ಸುಳ್ಳು ಹೇಳಿದ ಹಾಗಾಯಿತು. ಬೆರಕೆ ಶಾಲೆಗಳಲ್ಲಿ ಈ ತೊಂದರೆ ಪದೇ ಪದೇ ಕಾಣುತ್ತದೆ: ಕಡ್ಡಿ ಕಡಿಮೆ, ಒಂದರ ಮೇಲೊಂದು ಘನ ಪೇರಿಸುವ ಪಿಂಕ್ ಟವರಿನ 1 ಸೆಂಮೀ ಘನ ಮಾಯ, ಗೂಡಿಗೆ ಹೊಂದಿಸುವ ಮರದ ಸಿಲಿಂಡರ್ ಒಂದರ ಗುಬುಟು ಮುರಿದಿದೆ. ವಾರಕ್ಕೊಮ್ಮೆ ಎಣಿಸಿಡುವವರು ಇಲ್ಲದಿದ್ದರೆ ಲಕ್ಷ ದಾಟುವ ಸೆಟ್ಟು ಬರೀ ಷೋಕೇಸಿನ ಆಟಿಕೆ.

ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಇನ್ನೊಂದು ಅನುಕೂಲ ಉಂಟು. ಮಣಿಗಳಲ್ಲಿ ಹತ್ತರ ಒಂದು ಸರ, ಪಕ್ಕದಲ್ಲಿ ಬಿಡಿ ಮೂರು ಇಟ್ಟರೆ ಕನ್ನಡ ಅದೇ ಕ್ರಮದಲ್ಲಿ ‘ಹದಿ-ಮೂರು’ ಎನ್ನುತ್ತದೆ. ಇಂಗ್ಲಿಷಿನ ‘ಥರ್ಟೀನ್’ ಮೂರನ್ನು ಮುಂದೆ ಹಾಕುತ್ತದೆ, ಮಕ್ಕಳು 13 ಬರೆಯಲು ಹೋಗಿ 31 ಬರೆಯುತ್ತಾರೆ. ಇಷ್ಟಿದ್ದೂ ನಮ್ಮ ಮಾಂಟೆಸ್ಸರಿಗಳಲ್ಲಿ ಲೆಕ್ಕ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲೇ.

ಅಕ್ಷರ: ಇಲ್ಲಿ ಲೆಕ್ಕಾಚಾರ ಬದಲಾಗುತ್ತದೆ

ಇಂಗ್ಲಿಷಿನ ಮಟ್ಟಿಗೆ ಮಾಂಟೆಸ್ಸರಿ ಮುಂದಿರುವುದರಲ್ಲಿ ಅನುಮಾನವಿಲ್ಲ. ಎಲ್‌ಕೆಜಿಯಲ್ಲಿ ‘ಎ, ಬಿ, ಸಿ’ ಎಂದು ಹೆಸರು ಕಲಿಸುತ್ತಾರೆ, ಆ ಹೆಸರುಗಳನ್ನು ಜೋಡಿಸಿದರೆ ಪದ ಹುಟ್ಟುವುದಿಲ್ಲ. ಮಾಂಟೆಸ್ಸರಿಯಲ್ಲಿ ಮೊದಲಿಂದಲೇ ಕಲಿಸುವುದು ಉಚ್ಚಾರ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ, ಹಾಗಾಗಿ ಈ ಅನುಕೂಲ ಅರ್ಧಕ್ಕರ್ಧ ಕರಗಿಹೋಗುತ್ತದೆ. ಉಳಿಯುವುದು ಬೆರಳಿನ ಕಲಿಕೆ.

ಸ್ಯಾಂಡ್‌ಪೇಪರ್ ಅಕ್ಷರ (ಉಜ್ಜುಕಾಗದವನ್ನು ಅಕ್ಷರದ ಆಕಾರದಲ್ಲಿ ಕತ್ತರಿಸಿ ನುಣುಪು ಹಲಗೆಗೆ ಅಂಟಿಸಿದ್ದು) ಸಣ್ಣ ತರಿಯ ಕಾಗದದ್ದಾಗಿರಬೇಕು. ದೊರಗು ಕಾಗದ ಅಂಟಿಸಿದರೆ ಎರಡು ಅಕ್ಷರಕ್ಕೇ ಬೆರಳು ಉರಿಯುತ್ತದೆ. ಮುಟ್ಟುವ ಮುಂಚೆ ಉಗುರುಬೆಚ್ಚನೆಯ ನೀರಿನಲ್ಲಿ ಬೆರಳ ತುದಿ ತೊಳೆಸಿದರೆ ಸ್ಪರ್ಶ ಚುರುಕಾಗುತ್ತದೆ. ಒಮ್ಮೆಗೆ ಎರಡೋ ಮೂರೋ ಅಕ್ಷರ, ಮೂರು ಹಂತ: ‘ಇದು ರ’, ‘ರ ಎಲ್ಲಿದೆ ತೋರಿಸು’, ‘ಇದು ಯಾವುದು?’ ಎರಡನೇ ಹಂತದಲ್ಲಿ ತಡವರಿಸಿದರೆ ಮೂರನೆಯದಕ್ಕೆ ಹೋಗದೆ ಅಲ್ಲಿಗೇ ನಿಲ್ಲಿಸಬೇಕು. ಅವಸರದವರು ಎಡವುವುದು ಇಲ್ಲೇ: ನೇರವಾಗಿ ‘ಇದು ಯಾವುದು ಹೇಳು’ ಎನ್ನುತ್ತಾರೆ, ಕಲಿಸುವ ಮುಂಚೆಯೇ ಪರೀಕ್ಷೆ.

ಒಂದು ಮಿತಿಯನ್ನೂ ಹೇಳಬೇಕು. ಬೆರಳು ಅಕ್ಷರದಿಂದ ಆಚೆ ಜಾರಿದರೆ ನುಣುಪು ತಾಗಿ ತಪ್ಪು ಗೊತ್ತಾಗುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ ಹೋದರೆ ಏನೂ ಗೊತ್ತಾಗುವುದಿಲ್ಲ. ದುಂಡಕ್ಷರಗಳ ಕನ್ನಡಕ್ಕೆ ಇದು ಸಣ್ಣ ವಿಷಯವಲ್ಲ. ನೋಡಿ ನಕಲು ಮಾಡುವ ಎಲ್‌ಕೆಜಿ ಮಗು ಎಷ್ಟೋ ಸಲ ಮೊದಲು ತಲೆಕಟ್ಟು ಎಳೆದು ಕೆಳಗೆ ದುಂಡನ್ನು ನೇತುಹಾಕುತ್ತದೆ. ಅಕ್ಷರ ಸರಿಯಾಗೇ ಕಾಣುವುದರಿಂದ ಮಿಸ್ಸು ರೈಟು ಹಾಕುತ್ತಾರೆ. ಎರಡು ವರ್ಷದ ಮೇಲೆ ಬರವಣಿಗೆ ಏಕೆ ಇಷ್ಟು ನಿಧಾನ ಎಂದು ಹುಡುಕಿದರೆ ಕಾರಣ ಇದೇ. ಹಲಗೆಯ ಮೇಲೆ ಎಲ್ಲಿಂದ ಶುರು ಎಂದು ಒಂದು ಬಣ್ಣದ ಚುಕ್ಕೆ ಇಡುವುದು ಸುಲಭದ ಪರಿಹಾರ.

ಸಾಮಗ್ರಿ ಕೊಳ್ಳಲಾಗದವರಿಗೆ ನಮ್ಮಲ್ಲೇ ಹಳೆಯ ದಾರಿ ಉಂಟು. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಬರೆಸಿ ಅಲ್ಲಿಗೇ ಬಿಟ್ಟುಬಿಡುತ್ತೇವೆ. ಅಕ್ಕಿಕಾಳು ದಪ್ಪ, ಗೆರೆ ನಿಲ್ಲುವುದಿಲ್ಲ. ಚಿರೋಟಿ ರವೆಯನ್ನು ಅರ್ಧ ಸೆಂಮೀಗಿಂತ ತೆಳ್ಳಗೆ, ಗಾಢ ಬಣ್ಣದ ತಳವಿರುವ ಟ್ರೇಯಲ್ಲಿ ಹರಡಿದರೆ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಅಲುಗಿಸಿದರೆ ಅಳಿಸಿಹೋಗುತ್ತದೆ. ಸ್ಲೇಟಿಗಿಂತ ಇದು ಮೃದು, ಒತ್ತಿ ಬರೆಯುವ ಅಭ್ಯಾಸ ಆಗುವುದಿಲ್ಲ.

ಮಾಂಟೆಸ್ಸರಿ ಕನ್ನಡದಲ್ಲಿ ನಿಜವಾಗಿ ತಿಣುಕುವುದು ಮೂವಬಲ್ ಆಲ್ಫಬೆಟ್ಟಿನಲ್ಲಿ, ಅಂದರೆ ಬಿಡಿ ಅಕ್ಷರ ಜೋಡಿಸಿ ಪದ ಕಟ್ಟುವ ಪೆಟ್ಟಿಗೆಯಲ್ಲಿ. ಇಂಗ್ಲಿಷಿಗೆ 26 ಆಕಾರ ಸಾಕು. ಕನ್ನಡದಲ್ಲಿ ‘ಕ’ದ ಪಕ್ಕ ಗುಣಿತದ ಚಿಹ್ನೆ ಇಟ್ಟರೆ ‘ಕಿ’ ಆಗುವುದಿಲ್ಲ, ತಲೆಕಟ್ಟೇ ಬದಲಾಗಬೇಕು. ಚಿಹ್ನೆಗಳನ್ನು ಬೇರೆಯಾಗಿ ಕತ್ತರಿಸಿ ಮಾಡಿದ ಪೆಟ್ಟಿಗೆಗಳು ಮಕ್ಕಳ ಕೈಯಲ್ಲಿ ಗೊಂದಲವನ್ನೇ ಹುಟ್ಟಿಸುತ್ತವೆ. ನಡೆಯುವ ದಾರಿ ಬೇರೆ. ಮೊದಲು ಗುಣಿತವೇ ಬೇಡದ ಪದಗಳು: ಸರ, ಮರ, ನಗರ, ಗರಗಸ, ಬಸವ. ಸರ್ಕಾರಿ ಒಂದನೇ ತರಗತಿಯ ‘ರ ಗ ಸ ದ ಅ’ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ, ಅ-ಆ-ಇ-ಈ ಸಾಲಿಗಿಂತ ಎಷ್ಟೋ ಮೇಲು. ಆಮೇಲೆ ‘ಕಾ, ಕಿ’ಗಳನ್ನು ಇಡಿಯ ಅಕ್ಷರವಾಗಿಯೇ ಕೊಡುವುದು. ಒತ್ತಕ್ಷರ ಕೊನೆಗೆ ಎಂದು ಕ್ರಮ ಹೇಳುತ್ತದೆ, ಆದರೆ ಮಗು ಮೊದಲು ಬರೆಯಬಯಸುವ ಪದಗಳನ್ನು ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅವ್ವ. ಮನೆಮಂದಿಯೆಲ್ಲ ಒತ್ತಿನವರೇ! ಅದಕ್ಕಾಗಿ ಐದಾರು ಒತ್ತುಗಳನ್ನು ಪುಟ್ಟದಾಗಿ ಕತ್ತರಿಸಿ ಮೊದಲೇ ಕೊಡುವುದು ಒಳ್ಳೆಯದು. ಶುರು ‘ಅಜ್ಜ’ನಿಂದ. ಜ-ಒತ್ತಿನಲ್ಲಿ ಜ ಕಾಣುತ್ತದೆ, ಮ-ಒತ್ತಿನಲ್ಲಿ ಮ ಕಾಣುವುದೇ ಇಲ್ಲ.

ಮೂರನೇ ವರ್ಷ

ಮಾಂಟೆಸ್ಸರಿಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಮೂರು ವರ್ಷ ಕಲಿಯುತ್ತಾರೆ. ಅದರ ಲಾಭ ಕೈಗೆ ಬರುವುದು ಮೂರನೇ ವರ್ಷದಲ್ಲಿ. ಅಮೆರಿಕದ ಕೆಲವು ಸರ್ಕಾರಿ ಮಾಂಟೆಸ್ಸರಿಗಳಲ್ಲಿ ಸೀಟನ್ನು ಲಾಟರಿಯಲ್ಲಿ ಹಂಚುತ್ತಾರೆ, ಹಾಗಾಗಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರೆ ಮೋಸವಾಗುವುದಿಲ್ಲ. 24 ಶಾಲೆಗಳ 588 ಮಕ್ಕಳ ಮೇಲೆ ಮನಃಶಾಸ್ತ್ರಜ್ಞೆ ಆಂಜೆಲಿನ್ ಲಿಲಾರ್ಡ್ ಮತ್ತು ಸಂಗಡಿಗರು ಹೀಗೆ ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಕಿಂಡರ್‌ಗಾರ್ಟನ್ (ಅಲ್ಲಿ ಈ ಮೂರನೇ ವರ್ಷ ಅದೇ) ಮುಗಿಯುವ ಹೊತ್ತಿಗೆ ಓದು, ನೆನಪು, ತನ್ನನ್ನು ತಾನು ತಡೆದುಕೊಳ್ಳುವುದು, ಇನ್ನೊಬ್ಬರ ಮನಸ್ಸನ್ನು ಊಹಿಸುವುದು, ಇವುಗಳಲ್ಲಿ ಮಾಂಟೆಸ್ಸರಿ ಮಕ್ಕಳು ಮುಂದಿದ್ದರು. ಎಲ್ಲ ಕಡೆಯೂ ಫಲಿತಾಂಶ ಇಷ್ಟು ಚೆನ್ನಾಗಿ ಬಂದಿಲ್ಲ: 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಓದಿನಲ್ಲಿ ಮುನ್ನಡೆ, ಲೆಕ್ಕದಲ್ಲಿ ಸರಿಸಮ. ಬೆರಕೆಯ ಬಗ್ಗೆ ಲಿಲಾರ್ಡ್ 2012ರಲ್ಲೇ ಬರೆದಿದ್ದರು: ಬೇರೆ ವರ್ಕ್‌ಶೀಟು, ಆಟಿಕೆ ಸೇರಿಸಿದ ಮಾಂಟೆಸ್ಸರಿಗಿಂತ ಶುದ್ಧ ಮಾಂಟೆಸ್ಸರಿಯ ಮಕ್ಕಳೇ ಒಂದು ಶಾಲಾವರ್ಷದಲ್ಲಿ ಹೆಚ್ಚು ಮುಂದೆ ಹೋದರು.

ನಮ್ಮ ನಗರಗಳಲ್ಲಿ ಕೆಡುವುದೂ ಈ ಮೂರನೇ ವರ್ಷವೇ. ದೊಡ್ಡ ಶಾಲೆಗಳು ಎಲ್‌ಕೆಜಿಯಲ್ಲೇ ಸೀಟು ತುಂಬಿಸಿಕೊಳ್ಳುತ್ತವೆ. ಒಂದನೇ ತರಗತಿಗೆ ಸೀಟು ಸಿಗದೆ ಹೋದೀತೆಂದು ನಾಲ್ಕು ವರ್ಷಕ್ಕೇ ಮಗುವನ್ನು ಬಿಡಿಸುತ್ತಾರೆ. ಬಿಟ್ಟ ಮಗುವಿಗೆ ನಷ್ಟ ಹೇಗೂ ಇದೆ, ಉಳಿದವರಿಗೂ ನಷ್ಟ. ಮೂರು ವರ್ಷದವನಿಗೆ ಗುಂಡಿ ಹಾಕಲು ತೋರಿಸಬೇಕಾದ ಐದು ವರ್ಷದ ಅಕ್ಕಂದಿರೇ ಇಲ್ಲದಿದ್ದರೆ ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸಿ ಏನು ಬಂತು? ಎರಡೇ ವರ್ಷ ಕಳಿಸುವುದು ಖಂಡಿತ ಎಂದಾದರೆ, ದುಬಾರಿ ಫೀಸು ಕಟ್ಟುವ ಬದಲು ಮನೆ ಹತ್ತಿರದ ಶಾಂತವಾದ ಎಲ್‌ಕೆಜಿಯೇ ಸಾಕು ಎನ್ನುತ್ತೇವೆ.

ಎಲ್‌ಕೆಜಿಯೇ ಗೆಲ್ಲುವ ಜಾಗಗಳೂ ಇವೆ. ಗುಂಪಿನ ಹಾಡು, ಕಥೆ, ವೇಷ ಹಾಕಿ ಅಂಗಡಿಯಾಟ ಆಡುವುದು ಅಲ್ಲಿ ಧಾರಾಳ. ಕಟ್ಟಾ ಮಾಂಟೆಸ್ಸರಿಯಲ್ಲಿ ಇದಕ್ಕೆ ಬಡತನ. ಒಂದನೇ ತರಗತಿಯ ಬೆಲ್ಲು, ಬೋರ್ಡು ನೋಡಿ ಬರೆಯುವುದು ಯುಕೆಜಿ ಮಗುವಿಗೆ ಹೊಸದಲ್ಲ. ಮಾಂಟೆಸ್ಸರಿ ಮಗುವಿಗೆ ಕೆಲವು ವಾರ ಹಿಡಿಯುತ್ತದೆ. ಕೊನೆಯ ಮೂರು ತಿಂಗಳು ಗೆರೆ ಪುಸ್ತಕದಲ್ಲಿ ದಿನಕ್ಕೆ ಐದಾರು ಸಾಲು ಬರೆಸಿದರೆ ಆ ತೊಂದರೆ ಬಹುಪಾಲು ನೀಗುತ್ತದೆ.

ಶಾಲೆ ನೋಡಲು ಹೋಗುವವರು ಸಂಜೆ ಆಫೀಸಿಗೆ ಹೋಗಿ ಬ್ರೋಷರ್ ತರುವುದರಲ್ಲಿ ಪ್ರಯೋಜನವಿಲ್ಲ. ಒಂಬತ್ತೂಮುಕ್ಕಾಲರಿಂದ ಹತ್ತೂವರೆವರೆಗೆ ಒಳಗೆ ಮೂಲೆಯಲ್ಲಿ ಕೂರಲು ಬಿಡುತ್ತಾರಾ ಕೇಳಿ. ಬಿಟ್ಟರೆ, ಗದ್ದಲ ಎದ್ದಾಗ ಆಂಟಿ ಏನು ಮಾಡುತ್ತಾರೆ ನೋಡಿ. ಐದು ದಾಟಿದ ಮಕ್ಕಳು ಎಷ್ಟು ಜನ ಇದ್ದಾರೆ ಕೇಳಿ. ಕಪಾಟಿನಲ್ಲಿ ಪ್ರತಿ ಸಾಮಗ್ರಿಯೂ ಒಂದೊಂದೇ ಇರಬೇಕು, ಅದೂ ಮಗುವಿನ ಎದೆಮಟ್ಟದಲ್ಲಿ. ಬೀಗ ಹಾಕಿದ ಗಾಜಿನ ಬೀರುವಿನಲ್ಲಿದ್ದರೆ ಅಲ್ಲಿಂದಲೇ ಎದ್ದು ಬರಬಹುದು. ಹೊರಡುವ ಮುಂಚೆ ಸ್ಪಿಂಡಲ್ ಬಾಕ್ಸನ್ನೊಮ್ಮೆ ಎತ್ತಿಕೊಂಡು ಕಡ್ಡಿ ಎಣಿಸಿ.