ವಾರ್ಡಿನ ಕಸದ ಸಭೆ: 5ಕ್ಕೆ 3 ಸ್ಟಾರ್

ಕಸ ಕಡಿಮೆ ಮಾಡುವ ಯೋಜನೆಗೆ ಸಲಹೆ ಕೊಡಿ ಎಂದು ಬೆಂಗಳೂರಿನ ನಮ್ಮ ವಾರ್ಡಿನಲ್ಲಿ ಸಭೆ ಕರೆದಿದ್ದರು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ! ಕೆಲಸಕ್ಕೆ ಹೋಗುವವರು ಹೇಗೆ ಬರುತ್ತಾರೆ? ಬಂದವರಲ್ಲಿ ನನ್ನ ಹಾಗೆ ರಿಟೈರ್ ಆದವರೇ ಜಾಸ್ತಿ.

ಆದರೂ ಹೋಗಿದ್ದು ಒಳ್ಳೆಯದಾಯಿತು. ಒಬ್ಬರು ಪೌರಕಾರ್ಮಿಕ ಅಕ್ಕ ಎದ್ದು ನಿಂತು ಮಾತಾಡಿದರು. "ಹಸಿ ಕಸದಲ್ಲೇ ಪ್ಯಾಡು, ಡೈಪರ್ ಹಾಕ್ತೀರಿ. ಅದನ್ನ ನಾವು ಕೈಯಲ್ಲಿ ಆರಿಸ್ಬೇಕು. ಪೇಪರಲ್ಲಿ ಸುತ್ತಿ ಬೇರೆ ಕೊಡಿ, ಅಷ್ಟೇ ಸಾಕು" ಅಂದರು. ಸಭೆ ಸುಮ್ಮನಾಯಿತು. ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡು ಡೈಪರಿಗೆ ಕೆಂಪು ಬಕೆಟ್, ಒಣ ಕಸಕ್ಕೆ ಚೀಲ. ಹೈಕೋರ್ಟ್ ಇದನ್ನು 2015ರಲ್ಲೇ ಹೇಳಿದೆ. ಇಷ್ಟು ವರ್ಷವಾದರೂ ಆ ಅಕ್ಕ ಕೇಳಿಕೊಳ್ಳಬೇಕಾ? ನನಗೆ ತುಂಬಾ ಬೇಜಾರಾಯಿತು.

ನಾನು ಕೇಳಿದ್ದು ಸ್ಟೀಲ್ ತಟ್ಟೆ, ಲೋಟದ ಬ್ಯಾಂಕ್. ಗಣೇಶನ ಹಬ್ಬದ ಪ್ರಸಾದಕ್ಕೆ, ನಾಮಕರಣದ ಊಟಕ್ಕೆ ವಾರ್ಡ್ ಆಫೀಸಿನಿಂದ ಒಯ್ದು, ತೊಳೆದು ವಾಪಸ್ ಕೊಡುವ ಹಾಗಿರಬೇಕು. ಪೇಪರ್ ಕಪ್ಪಿನ ರಾಶಿ ಅಲ್ಲೇ ನಿಲ್ಲುತ್ತದೆ ಅಲ್ವಾ? ಕಸ ಆದ ಮೇಲೆ ವಿಂಗಡಿಸುವುದಕ್ಕಿಂತ ಇದು ಸುಲಭ.

ಅಧಿಕಾರಿ ಎಲ್ಲ ಬರೆದುಕೊಂಡರು, ಮರ್ಯಾದೆಯಿಂದಲೇ ಕೇಳಿದರು. ಆದರೆ ಯಾವ ಸಲಹೆ ಒಪ್ಪಿದರು, ಯಾವುದು ಬಿಟ್ಟರು ಎಂದು ಇನ್ನೂ ತಿಳಿಸಿಲ್ಲ. ಅದಕ್ಕೇ ಎರಡು ಸ್ಟಾರ್ ಕಡಿಮೆ. ಮುಂದಿನ ಸಭೆಯನ್ನು ದಯವಿಟ್ಟು ಭಾನುವಾರ ಇಡಿ.