ಕಲಿಯಲು ಯಾವ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಹೆಲಿಕಾಪ್ಟರ್? ನಾಲ್ಕು ಬಗೆ ಹಾರಿಸಿ ನೋಡಿದ ಮೇಲೆ

ತುಮಕೂರಿನ ಬಯಲಲ್ಲಿ ಹಾರಿಸುವವರು ಬೆಲೆಗಿಂತ ಮೊದಲು ಗಾಳಿಯ ಲೆಕ್ಕ ಹಾಕಬೇಕು. ಅಂಗಡಿಯಲ್ಲಿ ಸಲೀಸಾಗಿ ತೇಲಿ ನಿಲ್ಲುವ ಹೆಲಿಕಾಪ್ಟರ್ ಆಷಾಢದ ಗಾಳಿಗೆ ಕೈಗೇ ಸಿಗುವುದಿಲ್ಲ.

ಒಂದರ ಮೇಲೊಂದು ಎರಡು ರೋಟರ್ ಇರುವ ಕೋಆಕ್ಸಿಯಲ್ ತಾನಾಗಿಯೇ ಅಲುಗದೆ ತೇಲಿ ನಿಲ್ಲುತ್ತದೆ. ಫ್ಯಾನ್ ಆರಿಸಿದ ಹಾಲ್‌ನಲ್ಲಿ ಮಕ್ಕಳಿಗೆ ಚೆನ್ನ. ಕಲಿಯುವವರಿಗೆ ಅದರಿಂದ ಸಿಗುವುದು ಕಡಿಮೆ.

ನಾಲ್ಕು ಚಾನೆಲ್‌ನ (ನಾಲ್ಕು ಬಗೆಯ ಚಲನೆಯನ್ನು ನಿಯಂತ್ರಿಸುವ) ಫಿಕ್ಸೆಡ್ ಪಿಚ್, ಅಂದರೆ ವಿ911 ಥರದ್ದು, ಮನೆಯೊಳಗೆ ಒಳ್ಳೆಯ ಗುರು. ಬಿದ್ದರೂ ಬಹುಪಾಲು ಏನೂ ಆಗುವುದಿಲ್ಲ. ಆದರೆ ಬ್ಲೇಡ್‌ನ ಕೋನ ಬದಲಾಗದ ಕಾರಣ ಇಳಿಸಬೇಕಾದರೆ ರೋಟರ್ ವೇಗವನ್ನೇ ತಗ್ಗಿಸಬೇಕು. ವೇಗ ತಗ್ಗಿತೆಂದರೆ ಹಿಡಿತವೂ ಸಡಿಲ. ಗಾಳಿ ಕೆಳಗಿಂದ ಎತ್ತಿದಾಗ ತೊಂದರೆಯಾಗುವುದು ಇದರಿಂದಲೇ.

ಕಲೆಕ್ಟಿವ್ ಪಿಚ್‌ನಲ್ಲಿ ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ, ಬದಲಾಗುವುದು ಬ್ಲೇಡ್‌ನ ಕೋನ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರ್‌ಗಳು ಏರಿಳಿಯುವುದೂ ಇದೇ ತತ್ವದಲ್ಲಿ. ನಮ್ಮ ಮತ ಕೆ110ನಂಥ ಪುಟ್ಟ ಕಲೆಕ್ಟಿವ್ ಪಿಚ್‌ಗೆ. ಅದರ ಬ್ಯಾಟರಿ ಒಂದೇ ಸೆಲ್‌ನದು, 3.7 ವೋಲ್ಟ್. 6ಜಿ ಎಂಬ ಸಹಾಯದ ಮೋಡ್‌ನಲ್ಲಿ ಸ್ಟಿಕ್ ಬಿಟ್ಟರೆ ತಾನೇ ಮಟ್ಟಸವಾಗುತ್ತದೆ. ಕೈ ಪಳಗಿದ ಮೇಲೆ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಅದೇ ಊರುಗೋಲಾಗಿಬಿಡುತ್ತದೆ. ಈ ಗಾತ್ರದವುಗಳಲ್ಲಿ ಮೊದಲು ಸವೆಯುವುದು ಬಾಲದ ಬ್ರಷ್ ಮೋಟರ್, ಒಂದೆರಡು ಜೊತೆಗಿಟ್ಟುಕೊಳ್ಳಿ.

ಬಾಲ ನಿಮ್ಮ ಕಡೆ ಇರುವಂತೆ ಗಾಳಿಯಲ್ಲಿ ತೇಲಿಸಿ ನಿಲ್ಲಿಸುವುದರಿಂದ ಶುರುಮಾಡಿ. ಮೊಳದೆತ್ತರದಲ್ಲಿ ಹಾರಿಸಬೇಡಿ. ನೆಲಕ್ಕೆ ಬಡಿದು ಹಿಂದಿರುಗುವ ಗಾಳಿ ಅಲ್ಲಾಡಿಸುತ್ತದೆ, ಒಂದು ಮೀಟರ್‌ಗಿಂತ ಮೇಲೆ ಶಾಂತ. ಆಮೇಲೆ ಪಕ್ಕ, ಕೊನೆಗೆ ಮೂತಿ ನಿಮ್ಮ ಕಡೆ. ಮೂತಿ ಈ ಕಡೆ ತಿರುಗಿದಾಗ ಎಡಬಲ ಅದಲುಬದಲಾಗುವುದರಿಂದ ಆ ಹಂತವನ್ನು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲೇ ಮುಗಿಸಿಕೊಳ್ಳಿ, ನೀವು ಹಾರಿಸುವ ಟ್ರಾನ್ಸ್‌ಮಿಟರನ್ನೇ ಯುಎಸ್‌ಬಿಯಿಂದ ಜೋಡಿಸಿ. ಥ್ರಾಟಲ್, ಅಂದರೆ ಏರಿಳಿಸುವ ಸ್ಟಿಕ್, ಎಡಗೈಗಿರುವ ಮೋಡ್ 2 ಹಿಡಿದರೆ ಅದನ್ನೇ ಹಿಡಿದುಕೊಂಡಿರಿ.

450 ಗಾತ್ರದ್ದು, ಅಂದರೆ 325 ಮಿಲಿಮೀಟರ್ ಬ್ಲೇಡ್, 3 ಸೆಲ್‌ನ 2200 ಎಂಎಎಚ್ ಬ್ಯಾಟರಿ, ಗಾಳಿಗೆ ನಿಜಕ್ಕೂ ಎದೆಕೊಡುತ್ತದೆ. ಕಣ್ಣಿಗೆ ದೂರದಿಂದಲೂ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಬೀಳಿಕೆಗೆ ಬ್ಲೇಡ್, ಫೆದರಿಂಗ್ ಶಾಫ್ಟ್ (ಎರಡೂ ಬ್ಲೇಡ್ ಹಿಡಿದಿಡುವ ಅಡ್ಡ ಕಂಬಿ), ಮೇನ್ ಗೇರ್, ಬಾಲದ ಬೂಮ್ ಒಟ್ಟಿಗೇ ಹೋಗಬಹುದು. ಕಾರ್ಬನ್ ಬ್ಲೇಡ್ ಮಾಂಸ ಸೀಳುತ್ತದೆ. ಯಾರನ್ನೂ ಹತ್ತಿರ ಬಿಡಬೇಡಿ.

ಬಿದ್ದ ಮೇಲೆ ಶಾಫ್ಟ್ ಬಿಚ್ಚಿ ಕನ್ನಡಿಯ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕಿನ ಗೆರೆ ಕಾಣಿಸಿ ಮರೆಯಾಗುತ್ತಿದ್ದರೆ ಬಾಗಿದೆ ಎಂದರ್ಥ. ಅದನ್ನು ನೆಟ್ಟಗೆ ಮಾಡಲು ಹೋಗದೆ ಹೊಸದು ಹಾಕಿ. ಬಾಗಿದ್ದೇ ಉಳಿದರೆ ನಡುಕ ಶುರುವಾಗಿ ಬೇರಿಂಗ್ ಕೆಡುತ್ತದೆ, ಸಮತೋಲ ನೋಡಿಕೊಳ್ಳುವ ಗೈರೋ ಕೂಡ ದಾರಿ ತಪ್ಪುತ್ತದೆ. ಬೀಳುವುದು ಖಚಿತವಾದ ಕ್ಷಣದಲ್ಲೇ ಥ್ರಾಟಲ್ ಹೋಲ್ಡ್ ಸ್ವಿಚ್ ಒತ್ತುವ ಅಭ್ಯಾಸ ಬೆಳೆಸಿಕೊಂಡರೆ ಮೋಟರ್ ನಿಲ್ಲುತ್ತದೆ, ಗೇರಿನ ಹಲ್ಲು, ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ) ಎರಡೂ ಉಳಿಯುತ್ತವೆ.

ಜಾಗದ ವಿಷಯ: ಕೊಯ್ದ ರಾಗಿ ಹೊಲದ ಕೂಳೆಗೆ ಬಾಲದ ರೋಟರ್ ಸಿಕ್ಕಿಕೊಳ್ಳುತ್ತದೆ, ಬತ್ತಿದ ಕೆರೆಯಂಗಳದ ದೂಳು ಬ್ಲೇಡ್ ಕೋನ ತಿರುಗಿಸುವ ಪುಟ್ಟ ಮೋಟರ್, ಅಂದರೆ ಸರ್ವೋದ ಗೇರಿಗೆ ನುಗ್ಗುತ್ತದೆ. ಎರಡರಲ್ಲೂ ಕೆಳಗೆ ಟಾರ್ಪಾಲ್ ಹಾಸಿಯೇ ಏರಿಸಿ, ಇಳಿಸಿ. ಹೊರಡುವ ಮುನ್ನ ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಾರಾಟಕ್ಕೆ ಮುಕ್ತವಾದ ಹಸಿರು ವಲಯದಲ್ಲಿದೆಯೇ ನೋಡಿ. ಬ್ಯಾಟರಿಯ ಶೇ 80ಕ್ಕಿಂತ ಹೆಚ್ಚು ಬಳಸಬೇಡಿ, ಎತ್ತಿಡುವಾಗ ಸೆಲ್‌ಗೆ 3.8 ವೋಲ್ಟ್‌ನ ಆಸುಪಾಸಿನಲ್ಲಿರಲಿ.